ಹಾಳೂರಿಗೆ ಕರೆ ಹೇಳುತ್ತಿದ್ದ ಅತ್ತೆಮ್ಮ

ಅತ್ತೆಮ್ಮನ ಎಡಹುಬ್ಬಿನ ಮೇಲೆ ಒಂದು ಗಾಯದ ಕಲೆ ಇತ್ತು. ಹೆಬ್ಬೆರಳಿನ ಉಗುರಿನಷ್ಟು ಅಗಲ, ನಡುವೆ ಸ್ವಲ್ಪ ತಗ್ಗು. ಅಷ್ಟು ಜಾಗದಲ್ಲಿ ಹುಬ್ಬಿನ ಕೂದಲು ಮತ್ತೆ ಬೆಳೆದೇ ಇರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಅವರ ತಲೆಗೆ ಎಣ್ಣೆ ಹಚ್ಚುತ್ತಾ ಇದೇನೆಂದು ಕೇಳಿದೆ. ಗಾಣದವರ ಮನೆಯ ಬಾಗಿಲು ತಗ್ಗು, ಬಗ್ಗುವುದನ್ನು ಮರೆತಿದ್ದೆ, ಬಾಗಿಲವಾಡ ಹೊಡೆಯಿತು ಎಂದರು. ಊರಿನಲ್ಲಿ ಗಾಣದವರ ಮನೆ ಯಾವುದೆಂದು ನನಗೆ ಗೊತ್ತಿರಲಿಲ್ಲ. ಗಂಡನನ್ನು ಕೇಳಿದರೆ ಅವರು ನಕ್ಕುಬಿಟ್ಟರು. ಅದು ಇರುವುದು ಹಾಳೂರಿನಲ್ಲಿ ಎಂದರು. ಇರುವುದು ಎಂದರೆ, ಇದ್ದದ್ದು. ಅತ್ತೆಮ್ಮ ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಆ ಮನೆ ಬಿದ್ದು ಮಣ್ಣಾಗಿತ್ತು. ಅವರು ಹಣೆ ಒಡೆದುಕೊಂಡದ್ದು ಮರವೂ ಇಲ್ಲದ ಬಟಾಬಯಲಿನಲ್ಲಿ. ರಕ್ತ ಸುರಿಸಿಕೊಂಡು ಬಂದವರ ಗಾಯಕ್ಕೆ ಕಾಫಿಪುಡಿ ಒತ್ತಿದವರು ನನ್ನ ಅತ್ತೆಯೇ, ಹಾಗಾಗಿ ಗಾಯ ಸುಳ್ಳೆನ್ನುವ ಹಾಗಿರಲಿಲ್ಲ.

ಅತ್ತೆಮ್ಮ ಎಂದರೆ ನನ್ನ ಮಾವನವರ ತಂಗಿ. ಊರೊಳಗೇ ಮದುವೆಯಾಗಿ, ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಾನು ಮಿರ್ಲೆಯ ಕಡೆಯವಳು. ನಮ್ಮದು ನಾಲೆ ನೀರು, ಭತ್ತದ ಗದ್ದೆ, ಎರಡು ಹೊತ್ತೂ ಅನ್ನ. ಮದುವೆಯಾಗಿ ಬಂದದ್ದು ಕಂಪಲಾಪುರದಿಂದ ಒಳಗಿರುವ ಈ ಸಣ್ಣ ಊರಿಗೆ. ಇಲ್ಲಿ ಹೊಗೆಸೊಪ್ಪು, ರಾಗಿ, ಜೋಳ, ಮನೆಗಳಿಗಿಂತ ಎತ್ತರವಾದ ಸೊಪ್ಪು ಬೇಯಿಸುವ ಬ್ಯಾರನ್‌ಗಳು. ಮುದ್ದೆ ನುಂಗಲು ನಾನು ಪಡುತ್ತಿದ್ದ ಪಾಡನ್ನು ನೋಡುವುದಕ್ಕೆಂದೇ ಅತ್ತೆಮ್ಮ ನನ್ನೆದುರು ಕೂತು ಊಟ ಮಾಡುತ್ತಿದ್ದರು. ಗದ್ದೆ ನಾಡಿನವಳಿಗೆ ಗಂಟಲು ಚಿಕ್ಕದು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ನಾನು ಮುದ್ದೆ ಕಲಿತದ್ದು ಆ ಸಿಟ್ಟಿನಿಂದಲೇ.

ಅವರಿಗೆ ಬಾಗಿಲು ಮುಚ್ಚಿದರೆ ಆಗುತ್ತಿರಲಿಲ್ಲ. ಬಚ್ಚಲಿಗೆ ಹೋದರೂ ಬಾಗಿಲನ್ನು ಒಂದು ಗೇಣು ತೆರೆದೇ ಇರುತ್ತಿದ್ದರು. ನಾವು ಹುಣಸೂರಿಗೋ ಸಂತೆಗೋ ಹೊರಟು ಹೊರಗಿನಿಂದ ಚಿಲಕ ಹಾಕಲು ಹೋದರೆ, ಬೇಡ, ನಾನಿಲ್ಲೇ ಕೂತಿರುತ್ತೇನೆ ಎಂದು ಹೊಸ್ತಿಲ ಮೇಲೆ ಕೂತುಬಿಡುತ್ತಿದ್ದರು. ನಾಯಿ ಒಳಗೆ ನುಗ್ಗಿ ಹಾಲು ಕುಡಿದುಹೋದ ದಿನ ನಾನು ಚೆನ್ನಾಗಿ ಗೊಣಗಿದೆ. ಕುಡೀಲಿ ಬುಡು, ಬಾಗಿಲಿರೋದು ಬರೋದಕ್ಕೆ ತಾನೇ ಎಂದರು. ಟಿವಿ ಧಾರಾವಾಹಿಯಲ್ಲಿ ಯಾರಾದರೂ ಸೊಸೆಯನ್ನು ಕೋಣೆಗೆ ಕೂಡಿದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ವಯಸ್ಸಾದವರ ಹುಚ್ಚು ಎಂದುಕೊಂಡಿದ್ದೆ.

ನಮ್ಮೂರನ್ನು ಈಗಲೂ ಹಿರಿಯರು ಹೊಸೂರು ಎನ್ನುತ್ತಾರೆ. ಪ್ಲೇಗು ಬಂದಾಗ ಹಳೆಯ ಊರನ್ನು ಬಿಟ್ಟು ಇಲ್ಲಿಗೆ ಬಂದವರಂತೆ. ಮನೆಯ ಅಟ್ಟದಿಂದ ಇಲಿ ಸತ್ತು ಬಿದ್ದರೆ ಊರು ಬಿಡಬೇಕು, ಅದು ಆಗಿನ ಕಟ್ಟಳೆ. ಮೊದಲು ಹೊಲಗಳಲ್ಲಿ ಸೋಗೆಯ ಗುಡಿಸಲು, ಆಮೇಲೆ ಅಲ್ಲೇ ಮನೆ. ಕೆರೆ ಏರಿಯ ಆಚೆಗಿದ್ದ ಹಳೆಯ ಊರು ಹಾಳೂರಾಯಿತು. ಅಲ್ಲಿ ಒಂದು ಹಾಳುಬಾವಿ, ಮಾರಮ್ಮನ ಗುಡಿಯ ಮುರುಕು ಗೋಡೆ, ಊರು ಕಟ್ಟುವಾಗ ಮೊದಲು ನೆಟ್ಟ ಕರುಗಲ್ಲು, ಹುಲ್ಲು ಮುಚ್ಚಿದ ಮನೆಗಳ ತಳಪಾಯ. ದೇವರನ್ನು ತಂದರು, ಬೀಸುವ ಕಲ್ಲು ತಂದರು, ಕರುಗಲ್ಲನ್ನು ಮಾತ್ರ ಕೀಳಲು ಬಾರದೆಂದು ಅಲ್ಲೇ ಬಿಟ್ಟರು. ಹಾಗಾಗಿ ಊರಿನ ಲೆಕ್ಕದಲ್ಲಿ ನಿಜವಾದ ಊರು ಅದೇ, ನಾವು ಸ್ವಲ್ಪ ಕಾಲಕ್ಕೆ ಹೊಲಕ್ಕೆ ಬಂದಿರುವವರು.

ಈ ಕಾರಣಕ್ಕೇ ಒಂದು ಪದ್ಧತಿ. ಊರಿನ ಯಾರ ಮನೆಯಲ್ಲಿ ಮದುವೆಯಾದರೂ ಮೊದಲ ಕರೆ ಹಾಳೂರಿಗೆ. ನೆರಳು ಕಾಲಡಿಗೆ ಬರುವ ನಡುಮಧ್ಯಾಹ್ನ, ಊರ ಮಗಳೊಬ್ಬಳು ಮದುವೆ ಮನೆಯ ಒಬ್ಬ ಹೆಂಗಸನ್ನು ಜೊತೆಗೆ ಕರೆದುಕೊಂಡು, ಅರಿಶಿನ ಕುಂಕುಮ ಎಲೆಅಡಿಕೆಯ ತಟ್ಟೆ ಹೊರಿಸಿಕೊಂಡು ಅಲ್ಲಿಗೆ ಹೋಗಿ, ಒಂದೊಂದು ಮನೆಯ ಮುಂದೆಯೂ ನಿಂತು ಕರೆಯಬೇಕು. ಮದುವೆಯ ದಿನ ಹಿತ್ತಿಲಿನಲ್ಲಿ ಆ ಮನೆಗಳ ಹೆಸರಿಗೆ ಎಲೆ ಹಾಕಿ ಬಡಿಸಬೇಕು. ಮೊದಲು ಅತ್ತೆಮ್ಮನ ಅಜ್ಜಿ ಕರೆಯುತ್ತಿದ್ದರಂತೆ, ಅವರ ಕಾಲ ಮುಗಿದ ಮೇಲೆ ಆ ಕೆಲಸ ಅತ್ತೆಮ್ಮನದಾಯಿತು. ಫೋನಿನಲ್ಲಿ ಲಗ್ನಪತ್ರಿಕೆ ಕಳಿಸುವವರನ್ನು ಕಂಡರೆ ಅವರಿಗೆ ನಗು. ಬಾಗಿಲಿಗೆ ಬಂದು ಬಾಯಿತುಂಬ ಕರೆಯದಿದ್ದರೆ ಬದುಕಿರುವವರೇ ಬರುವುದಿಲ್ಲ ಎನ್ನುತ್ತಿದ್ದರು.

ನಾನು ಮೊದಲ ಸಲ ತಟ್ಟೆ ಹೊತ್ತದ್ದು ನನ್ನ ಮೈದುನನ ಮದುವೆಗೆ. ಅತ್ತೆಮ್ಮ ಕರುಗಲ್ಲಿಗೆ ಕುಂಕುಮ ಇಟ್ಟರು, ಸೆರಗು ಹೊದ್ದರು, ನಡೆಯತೊಡಗಿದರು. ಖಾಲಿ ಬಯಲಿನಲ್ಲಿ ಬೀದಿಯಿರುವ ಹಾಗೆ ತಿರುಗುತ್ತಿದ್ದರು. ಒಂದು ಕಡೆ ದನಕ್ಕೆ ದಾರಿ ಬಿಡುವವರಂತೆ ಸರಿದು ನಿಂತರು. ಒಂದೊಂದು ತಳಪಾಯದ ಮುಂದೆಯೂ ಬಗ್ಗಿ, ಅಟ್ಟೀಲಿ ಯಾರಿದ್ದೀರವ್ವ ಎಂದು ಮನೆಯೊಳಗಿನವರನ್ನು ಕೇಳಿ, ಮದುವೆ ಯಾರದು ಯಾವತ್ತು ಎಂದು ಹೇಳಿ, ಮಕ್ಕಳುಮರಿ ಕರಕೊಂಡು ಬನ್ನಿ ಎಂದು ಕರೆದು, ಆಮೇಲೆ ಸುಮ್ಮನೆ ನಿಲ್ಲುತ್ತಿದ್ದರು. ಆ ಸುಮ್ಮನಿರುವಿಕೆ ಒಂದು ಕಡೆ ಚಿಕ್ಕದು, ಒಂದು ಕಡೆ ದೊಡ್ಡದು. ಮಾತು ಜಾಸ್ತಿಯಿರುವ ಮನೆಯ ಮುಂದೆ ತುಂಬಾ ಹೊತ್ತು ತಲೆ ಆಡಿಸುತ್ತಾ ನಿಂತು, ಕೊನೆಗೆ ನನ್ನತ್ತ ತಿರುಗಿ ಈ ಮುದುಕಿಗೆ ಮಂಡಿನೋವಂತೆ ಎಂದರು. ನನಗೆ ನಗು ತಡೆಯುವುದೇ ಕಷ್ಟವಾಯಿತು.

ಕೊನೆಯಲ್ಲಿ, ಹಾಳುಬಾವಿಗೆ ಹತ್ತಿರದ ಒಂದು ತಳಪಾಯದ ಹತ್ತಿರ ಬಂದಾಗ ನಗು ನಿಂತಿತು. ಅತ್ತೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೂ ಮುಚ್ಚಿಕೋ ಎಂದು ಸನ್ನೆ ಮಾಡಿ, ಮಣಿಕಟ್ಟು ಹಿಡಿದು ಎಳೆದುಕೊಂಡು ಮುಂದೆ ಹೋದರು. ಆ ಬಿಸಿಲಿನಲ್ಲಿ ಅವರ ಕೈ ತಣ್ಣಗಿತ್ತು. ಆ ಮನೆಯನ್ನು ಕರೆಯುವ ಹಾಗಿಲ್ಲ ಎಂದಷ್ಟೇ ಮನೆಯಲ್ಲಿ ಹೇಳಿದರು. ಕರೆದರೆ ಬರುತ್ತಾಳೆ ಎಂದರು. ಯಾರು ಎಂದು ಕೇಳಿದರೆ ಯಾರೂ ಹೇಳಲಿಲ್ಲ.

ವರ್ಷಗಳು ಕಳೆದವು. ನನ್ನ ಮಗಳು ದೊಡ್ಡವಳಾಗಿ ಹುಣಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆದಳು. ಅವಳ ಮದುವೆ ಗೊತ್ತಾಗುವ ಹೊತ್ತಿಗೆ ಹಾಳೂರಿನ ಹೊಲವನ್ನು ಕೇರಳದ ಕಡೆಯವರೊಬ್ಬರು ಶುಂಠಿ ಬೆಳೆಯಲು ಗುತ್ತಿಗೆಗೆ ಹಿಡಿದಿದ್ದರು. ಜೆಸಿಬಿ ತಂದು ತಳಪಾಯಗಳನ್ನೆಲ್ಲ ಮಟ್ಟ ಮಾಡಿಸಿದರು. ಬಾವಿ ಮುಚ್ಚಿತು. ಕರುಗಲ್ಲನ್ನು ಮಾತ್ರ ಊರಿನವರು ಮುಟ್ಟಲು ಬಿಡಲಿಲ್ಲ. ಇನ್ನು ಅತ್ತೆಮ್ಮನಿಗೆ ಯಾವ ಮನೆ ಎಲ್ಲಿ ಎಂದು ತಿಳಿಯುವುದಿಲ್ಲ, ಪದ್ಧತಿ ಇಲ್ಲಿಗೆ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡೆವು.

ಆಗ ಅವರಿಗೆ ಎಂಬತ್ತು ದಾಟಿತ್ತು, ಕೋಲು ಹಿಡಿದಿದ್ದರು. ಒಂದು ದಿನ ಬೆಳಗಿನ ಬಿಸಿಲಿನಲ್ಲಿ ಜಗಲಿಯ ಮೇಲೆ ನಾವಿಬ್ಬರೂ ಅವರೆಕಾಯಿ ಬಿಡಿಸುತ್ತಿದ್ದೆವು. ಕೈ ನಿಲ್ಲಿಸದೆ, ಆ ಮನೆ ನಮ್ಮದೇ ಎಂದರು.

ಪ್ಲೇಗಿನ ವರ್ಷ ನಮ್ಮ ಮನೆಯಲ್ಲಿ ಒಬ್ಬಳು ಹಸಿ ಬಾಣಂತಿ ಸೊಸೆ ಇದ್ದಳಂತೆ. ಊರು ಬಿಡುವ ದಿನ ಅವಳಿಗೆ ಜ್ವರ ಬಂತು, ಕಂಕುಳಲ್ಲಿ ಗಂಟು ಕಂಡಿತು. ಗಂಡನ ಮನೆಯವರು ಅವಳನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿದರು. ಆಮೇಲೆ ಗೋಡೆಯ ಕಿಂಡಿಯ ಹತ್ತಿರ ನಿಂತು ಮಗುವನ್ನು ಕೇಳಿದರು.

“ಮಗೀನ ಕೊಡು, ನಾಳೆ ಬಂದು ಬಾಗ್ಲು ತಗೀತೀವಿ ಅಂದ್ರಂತೆ. ಕೊಟ್ಬುಟ್ಳು. ಆ ಮಗನೇ ನಮ್ಮಪ್ಪ ಕಣವ್ವ.”

ಬಾಗಿಲು ತೆಗೆಯಲು ಯಾರೂ ಹೋಗಲಿಲ್ಲ. ಗಂಡ ಊರಿನ ಹುಡುಗಿಯನ್ನೇ ಎರಡನೆಯ ಮದುವೆಯಾದ. ಮೊದಲು ಕರೆ ಹೇಳುತ್ತಿದ್ದ ಅಜ್ಜಿ ಅವಳೇ. ಆ ಮಗುವನ್ನು ಸಾಕಿದಳು, ಹಾಳೂರಿಗೆ ಕರೆ ಹೇಳುವ ಕೆಲಸವನ್ನು ಅತ್ತೆಮ್ಮನಿಗೆ ಕಲಿಸಿದಳು, ಸಾಯುವಾಗ ಇಷ್ಟನ್ನೂ ಹೇಳಿದಳು. ಬಾಣಂತಿಯ ಹೆಸರು ಮಾತ್ರ ಅವಳಿಗೂ ನೆನಪಿರಲಿಲ್ಲ. ನನ್ನ ಕೈಯಲ್ಲಿ ಅರ್ಧ ಬಿಡಿಸಿದ ಕಾಯಿ ಹಾಗೇ ಇತ್ತು. ಅಂದರೆ ಈ ಮನೆಯಲ್ಲಿ ನಡೆದ ಅಷ್ಟೂ ಮದುವೆಗಳು ಅವಳ ಮಕ್ಕಳು ಮೊಮ್ಮಕ್ಕಳ ಮದುವೆಗಳು, ಅಷ್ಟಕ್ಕೂ ಕರೆಸಿಕೊಳ್ಳದೆ ಉಳಿದವಳು ಅವಳೊಬ್ಬಳೇ.

“ಪ್ರತಿ ಸಲಾನೂ ಬಾಗ್ಲತ್ರ ಬಂದು ನಿಂತ್ಕತಾಳೆ. ನಾನು ಬಾಯಿ ಮುಚ್ಕಂಡು ಓಯ್ತೀನಿ. ಇನ್ನು ನನ್ ಕೈಲಾಗಲ್ಲ.”

ಹಾಗಾದರೆ ನೀವೇ ಕರೆಯಿರಿ ಎಂದೆ. ಅದಾಗುವುದಿಲ್ಲವಂತೆ. ತಾನು ಕರೆದರೆ ಬಾಗಿಲು ಹಾಕಿದವರ ಮನೆಯ ಹುಡುಗಿಯೇ ಕರೆದ ಹಾಗೆ, ಅವಳು ಹೇಗೆ ನಂಬುತ್ತಾಳೆ? ಅವಳು ಹೊಳೆ ಕಡೆಯವಳು, ಮಿರ್ಲೆಯ ಆಸುಪಾಸಿನವಳು. ಹೆಣ್ಣುಮಗಳು ಮುನಿದರೆ ತವರಿನವರು ಬಂದು ಕರೆಯಬೇಕು. ಅವಳ ತವರಿನವರಿಗೆ ಪ್ಲೇಗಿನಲ್ಲಿ ಹೋದಳು, ಸತ್ತವರೆಲ್ಲರ ಜೊತೆ ಸುಟ್ಟೆವೆಂದು ಹೇಳಿ ಕಳಿಸಿದ್ದರು. ಅದಕ್ಕೇ ಆ ಕಡೆಯ ಒಂದು ಹೆಣ್ಣು ಈ ಮನೆಗೆ ಬರಲೆಂದು ತಾನು ಕಾಯುತ್ತಿದ್ದೆ ಎಂದರು.

ನನ್ನನ್ನು ನೋಡಲು ಬಂದಾಗ ಅತ್ತೆಮ್ಮ ಹಾಡು ಕೇಳಲಿಲ್ಲ, ಅಡಿಗೆ ಕೇಳಲಿಲ್ಲ. ಯಾವ ಊರು, ಹೊಳೆಗೆ ಎಷ್ಟು ದೂರ ಎಂದಷ್ಟೇ ಕೇಳಿ, ಈ ಹುಡುಗಿಯೇ ಆಗಲಿ ಎಂದಿದ್ದರು. ನನ್ನ ಲಕ್ಷಣ ನೋಡಿ ಒಪ್ಪಿದರೆಂದು ಅಷ್ಟು ವರ್ಷ ಬೀಗಿದ್ದೆ. ಜಗಲಿಯ ಮೇಲೆ ಆ ಹೆಮ್ಮೆ ಕರಗಿತು.

ಸುದ್ದಿ ದೊಡ್ಡಮಾವನಿಗೆ ಹೋಯಿತು. ಅವರು ಅತ್ತೆಮ್ಮನ ಅಣ್ಣ, ಮನೆಗೂ ಊರಿಗೂ ಯಜಮಾನರು. ಬ್ಯಾರನ್ನಿನ ಮುಂದೆ ಆಳುಗಳು ಸೌದೆ ಜೋಡಿಸುವುದನ್ನು ನೋಡುತ್ತಾ ಕೂತಿದ್ದವರು ನನ್ನನ್ನು ಕರೆಸಿದರು. ಅವರಪ್ಪನ ಕಾಲದಲ್ಲಿ ಕರೆ ಹೇಳುವವಳು ಆ ಮನೆಯ ಮುಂದೆ ಮೈಮರೆತು ಮಾತಾಡಿಬಿಟ್ಟಳಂತೆ. ಆ ಸಲದ ಮದುಮಗಳು ತಿಂಗಳು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ಊರಿಗೆ ವಾಪಸಾದಳು. ದೊಡ್ಡಮಾವ ನನಗೆ ಬೈಯಲಿಲ್ಲ. ನೆಲ ನೋಡುತ್ತಾ ಮಾತಾಡಿದರು.

“ನಿನ್ ಮಗಳ ಮದ್ವೆ ಕಣಮ್ಮ. ಕರೆಯೋಳು ನೀನು. ಏನಾರ ಆದ್ರೆ ಯಾರ್ನ ಕೇಳೀಯೆ?”

ನನಗೆ ನಿಜವಾಗಿ ಹೆದರಿಕೆಯಾಯಿತು. ಯಾರದೋ ಸತ್ತ ಬಾಣಂತಿಗೆ ನ್ಯಾಯ ಮಾಡಲು ಹೋಗಿ ನನ್ನ ಮಗಳ ತಾಳಿಯನ್ನು ಪಣಕ್ಕಿಡುವುದೇ ಎನಿಸಿತು. ಕೊನೆಗೆ ಮಗಳಿಗೇ ಹೇಳಿದೆ, ಬೇಡವೆನ್ನಲಿ ಎಂಬ ಆಸೆಯಿಂದಲೇ. ಅವಳು ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದವಳು ಸ್ವಿಚ್ ಆರಿಸಿ ನನ್ನತ್ತ ತಿರುಗಿದಳು.

“ಆ ಮಗು ಕಿಂಡೀಲಿ ಈಚೆ ಬರ್ದೆ ಇದ್ದಿದ್ರೆ ನಾನೇ ಇರ್ತಿರ್ಲಿಲ್ಲವಲ್ಲಮ್ಮ. ಕರಿ.”

ಕರೆಯುವ ದಿನ ಅತ್ತೆಮ್ಮ ತಲೆಗೆ ಸ್ನಾನ ಮಾಡಿ ಮಡಿಸಿಟ್ಟಿದ್ದ ಹಸಿರು ಸೀರೆ ಉಟ್ಟರು. ಶುಂಠಿ ಮೊಣಕಾಲುದ್ದ ಬೆಳೆದಿತ್ತು. ಏರುಮಡಿಗಳೆಲ್ಲ ದಾರ ಹಿಡಿದ ಹಾಗೆ ನೇರ. ಆ ನೇರ ಸಾಲುಗಳ ನಡುವೆ ಅತ್ತೆಮ್ಮ ಕೋಲೂರಿಕೊಂಡು, ಹಿಂದೆ ನಡೆದ ಹಾಗೆಯೇ ಬಳಸಿ ಬಳಸಿ ನಡೆದರು. ಎಲ್ಲಿ ಬಗ್ಗುತ್ತಿದ್ದರೋ ಅಲ್ಲೇ ಬಗ್ಗಿದರು. ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಅವರೆಲ್ಲ ಎಚ್.ಡಿ. ಕೋಟೆಯ ಕಡೆಯಿಂದ ಜೀಪಿನಲ್ಲಿ ಬರುತ್ತಿದ್ದವರು, ಹಾಳೂರಿನ ಕಥೆ ಕೇಳಿದವರಲ್ಲ. ಆದರೂ ಗೊಬ್ಬರ ಹೊತ್ತು ಅವರು ನಡೆದು ನಡೆದು ಸವೆದ ಕಾಲುದಾರಿ ಒಂದು ಕಡೆ ಸುಮ್ಮಸುಮ್ಮನೆ ಸೊಟ್ಟಗೆ ಹೊರಳಿ, ಒಂದು ಸಣ್ಣ ಜಾಗವನ್ನು ಸುತ್ತಿಕೊಂಡು ಮುಂದೆ ಹೋಗಿತ್ತು. ಆ ಜಾಗದಲ್ಲೂ ಶುಂಠಿಯೇ ಇತ್ತು, ತುಳಿಯದಿರಲು ಬೇರೆ ಯಾವ ಕಾರಣವೂ ಕಾಣಲಿಲ್ಲ. ಅತ್ತೆಮ್ಮ ಹೋಗಿ ನಿಂತದ್ದು ಅಲ್ಲಿ.

ಈ ಸಲ ಅವರು ಬಾಯಿ ಮುಚ್ಚಿಕೊಳ್ಳಲಿಲ್ಲ. ಕೋಲನ್ನು ನನಗೆ ಕೊಟ್ಟು, ಎರಡೂ ಕೈಯನ್ನು ಎದೆಯ ಎತ್ತರಕ್ಕೆ ಎತ್ತಿ ಗಾಳಿಯಲ್ಲಿ ಏನನ್ನೋ ಹಿಡಿದು ಎಳೆಯತೊಡಗಿದರು. ತುಕ್ಕು ಹಿಡಿದಿದೆ ಎಂದರು. ಹಣೆಯಲ್ಲಿ ಬೆವರು ಮೂಡಿತು. ಆಮೇಲೆ ಕಬ್ಬಿಣ ಮರಕ್ಕೆ ಉಜ್ಜುವ ಸದ್ದು ಕೇಳಿತು. ಇದನ್ನು ನಂಬಿ ಎಂದು ಯಾರನ್ನೂ ಕೇಳುವುದಿಲ್ಲ. ಆದರೆ ಕಳೆ ಕೀಳುವ ಹೆಂಗಸರು ಆ ಹೊತ್ತಿಗೆ ಒಟ್ಟಿಗೆ ತಲೆ ತಿರುಗಿಸಿದ್ದನ್ನು ನಾನು ಕಂಡಿದ್ದೇನೆ.

ಅತ್ತೆಮ್ಮ ನನಗೆ ಕರೆ ಎಂದರು. ಹೆಸರೇ ಗೊತ್ತಿಲ್ಲದವರನ್ನು ಏನೆಂದು ಕರೆಯಲಿ ಎಂದೆ.

“ನಿಮ್ ಕಡೆ ಎಣ್ಮಕ್ಳನ್ನ ಎಂಗ್ ಕರೀತೀರೋ ಅಂಗೇ ಕರಿ.”

ನನ್ನ ಅವ್ವ ನನ್ನನ್ನು ಮಗಾ ಎನ್ನುತ್ತಿದ್ದಳು. ನನ್ನ ಗಂಡನ ಮುತ್ತಜ್ಜಿಯನ್ನು ನಾನು ಹಾಗೆ ಕರೆದೆ. ಆದರೆ ಅವಳು ನನ್ನ ಮಗಳಿಗಿಂತ ಚಿಕ್ಕ ವಯಸ್ಸಿನಲ್ಲೇ ನಿಂತುಹೋದವಳು, ತಪ್ಪೇನಲ್ಲ.

“ಮಗಾ, ತವರಿಂದ ಬಂದಿದ್ದೀನಿ. ಬಾಗ್ಲು ತಗ್ದದೆ. ನಿನ್ ಮೊಮ್ಮಕ್ಕಳ ಮನೇಲಿ ಮದ್ವೆ, ಬಾ.”

ಏನೂ ಆಗಲಿಲ್ಲ. ಶುಂಠಿ ಎಲೆ ಸಹ ಅಲುಗಲಿಲ್ಲ. ಆಮೇಲೆ ಆ ಉರಿಬಿಸಿಲಿನಲ್ಲಿ ನನ್ನ ಮುಖಕ್ಕೆ ತಂಪು ಹೊಡೆಯಿತು, ಬಹಳ ಕಾಲ ಮುಚ್ಚಿದ ಮಣ್ಣಿನ ಮನೆಯ ವಾಸನೆ ಬಂತು. ಹಳೆಯ ಹೊಗೆ, ಇಲಿ, ಒಣಗಿದ ಬೇವಿನಸೊಪ್ಪು. ಅತ್ತೆಮ್ಮ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿ, ತಾವೂ ಸರಿದು ದಾರಿ ಬಿಟ್ಟರು. ಮನೆಗೆ ಬರುವಾಗ ಅವರು ನನ್ನ ಜೊತೆಗೇ ನಡೆದರು, ಆದರೆ ಇಬ್ಬರ ನಡುವೆ ಒಬ್ಬರು ನಡೆಯುವಷ್ಟು ಜಾಗ ಉಳಿಸಿಕೊಂಡು. ಕೆರೆ ಏರಿಯ ಮೇಲೆ ದಾರಿ ಕಿರಿದಾದ ಕಡೆಯಲ್ಲೂ ಆ ಜಾಗವನ್ನು ಬಿಡದೆ ತಾವು ಅಂಚಿನಲ್ಲಿ ನಡೆದರು. ನಾನು ಆ ಕಡೆಗೆ ಕಣ್ಣು ಹಾಯಿಸಲಿಲ್ಲ.

ಮದುವೆಯ ದಿನ ಉಳಿದ ಮನೆಗಳ ಎಲೆಗಳನ್ನು ಹಿತ್ತಿಲಿನಲ್ಲಿ ಹಾಕಿದರು. ಇವಳ ಎಲೆಯನ್ನು ಮಾತ್ರ ನಡುಮನೆಯಲ್ಲಿ, ಮನೆಯವರ ಪಂಕ್ತಿಯಲ್ಲೇ ಹಾಕಬೇಕೆಂದು ಅತ್ತೆಮ್ಮ ಹಟ ಹಿಡಿದರು. ಖಾಲಿ ಎಲೆಗೆ ಬಡಿಸಲು ಬಡಿಸುವವರು ಹಿಂದೆಮುಂದೆ ನೋಡಿದರು. ಅಷ್ಟರಲ್ಲಿ ದೊಡ್ಡಮಾವ ಬಂದರು. ಈಗ ಕೂಗಾಡುತ್ತಾರೆ ಎಂದುಕೊಂಡೆ. ಅವರು ಎಲೆಯನ್ನು ನೋಡುತ್ತಾ ನಿಂತರು. ಬಡಿಸುವವನ ಕೈಯಿಂದ ತುಪ್ಪದ ಪಾತ್ರೆ ತೆಗೆದುಕೊಂಡು, ಪಂಚೆ ಮೇಲೆತ್ತಿ ಕಟ್ಟಿ, ಬಗ್ಗಿ ಆ ಎಲೆಗೆ ತಾವೇ ಬಡಿಸಿದರು. ತುಪ್ಪ ಎಲೆಯಾಚೆಗೂ ಬಿತ್ತು. ಪಾತ್ರೆಯನ್ನು ಬಡಿಸುವವನ ಕೈಗೆ ವಾಪಸು ಕೊಟ್ಟು ಹೊರಗೆ ಹೋದರು. ಅವರ ಬೆನ್ನು ನೋಡಿ ನನಗೆ ಅಳು ಬಂತು.

ಊಟವಾದ ಮೇಲೆ ನೋಡಿದರೆ ಆ ಎಲೆ ಮಡಿಚಿತ್ತು. ಉಂಡವರು ಏಳುವಾಗ ಮಡಿಚುವ ಹಾಗೆ, ತನ್ನ ಕಡೆಗೆ. ಬಡಿಸುವವರನ್ನು ಕೇಳಿದೆ, ತಾವಲ್ಲ ಎಂದರು. ಅತ್ತೆಮ್ಮ ಮಡಿಚಿರಬಹುದು. ಅವರನ್ನು ಕೇಳಲು ನನಗೆ ಮನಸ್ಸಾಗಲಿಲ್ಲ.

ಮಗಳು ಚೆನ್ನಾಗಿದ್ದಾಳೆ. ಮೊದಲ ವರ್ಷವೆಲ್ಲ ಫೋನು ಸದ್ದು ಮಾಡಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು, ಈಗ ಆ ಭಯವಿಲ್ಲ. ಬಾಣಂತನಕ್ಕೆಂದು ಬಂದಾಗ ಮಗುವಿನ ತೊಟ್ಟಿಲು ತಾನಾಗಿ ತೂಗುತ್ತದೆ ಎಂದು ಒಂದೆರಡು ಸಲ ಹೇಳಿದಳು. ಹೆದರಿಕೆಯೇ ಎಂದು ಕೇಳಿದೆ. ಇಲ್ಲ, ನನಗೆ ಆಗ ಒಳ್ಳೆಯ ನಿದ್ದೆ ಬರುತ್ತದೆ ಎಂದಳು.

ಮಗಳ ಮದುವೆಯಾದ ಮಾರನೆಯ ಚಳಿಗಾಲದಲ್ಲಿ ಅತ್ತೆಮ್ಮ ಹೋದರು. ಕಾಯಿಲೆಯೇನಿಲ್ಲ, ಸುಮ್ಮನೆ ಆರುತ್ತಾ ಬಂದರು. ಹೋಗುವುದಕ್ಕೆ ಸ್ವಲ್ಪ ದಿನ ಮುಂಚೆ, ಮಧ್ಯಾಹ್ನ, ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದುಕೊಂಡರು. ತನಗೆ ಹಾಳೂರಿನಲ್ಲಿ ಜಾಗ ನೋಡಿಟ್ಟಾಗಿದೆ ಎಂದರು. ನಾನು ಅಪಶಕುನ ಆಡಬೇಡಿ ಎಂದೆ.

“ಅವಳ್ ಮನೇಲೇ ಇರ್ತೀನಿ ಕಣವ್ವ. ಒಬ್ಳೇ ಇದ್ದು ಇದ್ದು ಸಾಕಾಗದೆ ಅವಳ್ಗೆ. ನನ್ನೂ ಕರಿ, ಮರತ್ಬುಟ್ಟೀಯೆ.”

ಅವರಿಗೆ ನಾನು ಏನೇನು ಕೊಡಬೇಕಿತ್ತು ಎಂದು ಯೋಚಿಸಿದರೆ ಕೊನೆಯೇ ಇಲ್ಲ. ಬೇರೆ ಊರಿನಿಂದ ಬಂದ ನಾನು ಈ ಮನೆಯವಳಾದದ್ದು ಮುದ್ದೆ ನುಂಗಿದ್ದರಿಂದಲ್ಲ, ಈ ಮನೆ ಮುಚ್ಚಿಟ್ಟದ್ದನ್ನು ನನ್ನ ಮಡಿಲಿಗೆ ಹಾಕಿದ್ದರಿಂದ. ಅಷ್ಟನ್ನು ಅವರು ನನ್ನನ್ನು ನಂಬಿ ಹಾಕಿದರು. ಅವರು ಹೋದ ಮೇಲೆ ಕರೆ ಹೇಳಲು ಊರ ಹೆಣ್ಣುಮಕ್ಕಳು ಯಾರೂ ಮುಂದೆ ಬರಲಿಲ್ಲ. ಊರ ಮಗಳೇ ಆಗಬೇಕೆಂಬ ಕಟ್ಟಳೆಯನ್ನು ದೊಡ್ಡಮಾವನೇ ಸಡಿಲಿಸಿ, ನನ್ನನ್ನು ಕಳಿಸಿದರು.

ಈ ವರ್ಷ ದೊಡ್ಡಮಾವನ ಮೊಮ್ಮಗನ ಮದುವೆ. ಶುಂಠಿಯವರು ಗುತ್ತಿಗೆ ಬಿಟ್ಟು ಹೋಗಿದ್ದಾರೆ, ಹೊಲದಲ್ಲಿ ಈಗ ಜೋಳ. ತಟ್ಟೆ ಹೊತ್ತವಳನ್ನು ಹಿಂದಿಟ್ಟುಕೊಂಡು ಮನೆಮನೆಯನ್ನೂ ಕರೆದು ಆ ಬಾಗಿಲಿಗೆ ಬಂದೆ. ಮದುವೆ ಯಾರದು, ಯಾವತ್ತು ಎಂದು ಹೇಳಿ, ಇಬ್ಬರೂ ಬನ್ನಿ ಎಂದು ಕರೆದೆ. ಅತ್ತೆಮ್ಮನಿಗೆ ಕೋಲಿಲ್ಲದೆ ನಡೆಯಲಾಗುವುದಿಲ್ಲ, ಏಳುವುದು ತಡವಾಗುತ್ತದೆ ಎಂದು ಸ್ವಲ್ಪ ಹೆಚ್ಚೇ ಹೊತ್ತು ಕಾದೆ. ಆಮೇಲೆ ಪಕ್ಕಕ್ಕೆ ಸರಿದು, ಇಬ್ಬರು ಜೊತೆಯಾಗಿ ಬರುವಷ್ಟು ದಾರಿ ಬಿಟ್ಟೆ.